ಬೇಸಿಗೆ ಶುರುವಾದಾಗ ಹಕ್ಕಿ ನೋಡುವುದು ಹೇಗೆ: ಹುಬ್ಬಳ್ಳಿ-ಧಾರವಾಡದ ಹಿತ್ತಲಿಂದ ಕೆರೆ ದಂಡೆಯವರೆಗೆ

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಧಾರವಾಡದ ಓಣಿಗಳಲ್ಲಿ ಅಲಾರಂ ಬೇಕಾಗುವುದಿಲ್ಲ. ಇನ್ನೂ ಕತ್ತಲಿರುವಾಗಲೇ ಯಾವುದೋ ಮಾವಿನ ಮರದಲ್ಲಿ ಕೋಗಿಲೆ ಶುರು ಹಚ್ಚಿಕೊಳ್ಳುತ್ತದೆ. ಒಂದು ಸಲ ಕೂಗಿ ಸುಮ್ಮನಾಗುವ ಜಾತಿ ಅಲ್ಲ ಅದು. ಪ್ರತಿ ಕೂಗಿಗೂ ಸ್ವರ ಒಂದೊಂದು ಮೆಟ್ಟಿಲು ಏರಿಸುತ್ತಾ ಹೋಗಿ, ಮನೆಯವರನ್ನೆಲ್ಲ ಎಬ್ಬಿಸಿಯೇ ಬಿಡುವುದು.

ಹಕ್ಕಿ ನೋಡಲು ಚಳಿಗಾಲವೇ ಒಳ್ಳೆಯದು ಎಂದು ಬಲ್ಲವರು ಹೇಳುತ್ತಾರೆ. ದೂರದೇಶದ ಹಕ್ಕಿಗಳು ಬರುವುದು ಆಗಲೇ, ಆ ಮಾತು ಖರೆ. ಆದರೆ ಈಗಷ್ಟೇ ಕಲಿಯುವವರಿಗೆ ನಾನು ಹೇಳುವುದು ಮಾರ್ಚ್-ಏಪ್ರಿಲ್. ಎಲೆ ಉದುರಿ ಮರಗಳು ಬೋಳಾಗಿರುತ್ತವೆ, ಹಕ್ಕಿ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ. ನೀರು ಕಡಿಮೆ, ಹಾಗಾಗಿ ನೀರಿದ್ದಲ್ಲಿಗೆ ಅವು ತಾವಾಗಿ ಬರುತ್ತವೆ. ಗೂಡು ಕಟ್ಟುವ ಕಾಲ, ಆದ್ದರಿಂದ ಹಾಡು, ಜಗಳ, ಓಡಾಟ ಎಲ್ಲ ಜಾಸ್ತಿ. ಅದರ ಮೇಲೆ ನಮ್ಮ ಊರಿನದೇ ಒಂದು ಅನುಕೂಲ ಇದೆ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ಕಡೆ ಹೋದರೆ ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಕಣ್ಣು ಮುಟ್ಟುವವರೆಗೂ ಎರೆ ಬಯಲು. ಎರಡೂ ಕಡೆಯ ಹಕ್ಕಿಗಳು ಅರ್ಧ ದಿನದ ಓಡಾಟದಲ್ಲಿ ಸಿಗುತ್ತವೆ.

ಆದರೂ ಮೊದಲ ದಿನವೇ ಗಾಡಿ ಹತ್ತಬೇಡಿ. ಹತ್ತು ಜಾಗಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಜಾಗಕ್ಕೆ ಹತ್ತು ಸಲ ಹೋದವರು ಬೇಗ ಕಲಿಯುತ್ತಾರೆ. ಆ ಒಂದು ಜಾಗ ನಿಮ್ಮ ಹಿತ್ತಲೇ ಆಗಲಿ.

ಹೆಜ್ಜೆ 1: ಮೊದಲು ನೀರು

ಕುಂಬಾರರ ಹತ್ತಿರ ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ಬೋಗುಣಿ ತನ್ನಿ. ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆಯೂ ನಡೆಯುತ್ತದೆ. ಸ್ಟೀಲ್, ಪ್ಲಾಸ್ಟಿಕ್ ಬೇಡ. ಏಪ್ರಿಲ್ ಬಿಸಿಲಿಗೆ ಅದರಲ್ಲಿನ ನೀರು ಚಹಾ ಮಾಡುವಷ್ಟು ಕಾಯುತ್ತದೆ, ಜೊತೆಗೆ ಅಂಚು ನುಣುಪಾಗಿರುವುದರಿಂದ ಹಕ್ಕಿಯ ಕಾಲು ಜಾರುತ್ತದೆ. ನೀರು ಎರಡು ಇಂಚಿಗಿಂತ ಆಳ ಇರಬಾರದು. ನಡುವೆ ಒಂದು ಒರಟು ಕಲ್ಲು ಇಡಿ. ಸೂರಕ್ಕಿಯಂಥ ಸಣ್ಣ ಹಕ್ಕಿಗಳು ಅದರ ಮೇಲೆ ಕೂತು ಕುಡಿಯುತ್ತವೆ, ತಪ್ಪಿ ಬಿದ್ದ ಜೇನುಹುಳ ಹತ್ತಿ ಬರಲೂ ಅದೇ ದಾರಿ.

ಎಲ್ಲಿಡಬೇಕು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಗಿಡದ ಬುಡಕ್ಕೇ ಇಟ್ಟರೆ ಓಣಿಯ ಬೆಕ್ಕಿಗೆ ಹಬ್ಬ. ನಟ್ಟನಡು ಅಂಗಳದಲ್ಲಿಟ್ಟರೆ ಹದ್ದು, ಶಿಕ್ರಾಗಳ ಭಯಕ್ಕೆ ಹಕ್ಕಿ ಇಳಿಯುವುದಿಲ್ಲ. ಪೊದೆಯಿಂದ ಆರೇಳು ಅಡಿ ದೂರ, ಮರದ ನೆರಳು ಬೀಳುವ ಕಡೆ, ಕಟ್ಟೆಯ ಮೇಲೋ ಎರಡು ಇಟ್ಟಿಗೆ ಪೇರಿಸಿಯೋ ಇಡಿ. ಬೆಕ್ಕು ಬಂದರೆ ಕಾಣಬೇಕು, ಹಾರಿದರೆ ಕೊಂಬೆ ಸಿಗಬೇಕು. ಲೆಕ್ಕ ಇಷ್ಟೇ.

ನೀರನ್ನು ದಿನಾ ಚೆಲ್ಲಿ ಹೊಸದು ಹಾಕಿ. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು, ಡೆಂಗಿ ಇರುವ ಊರಿನಲ್ಲಿ ಉಡಾಫೆ ಮಾಡುವಂತಿಲ್ಲ. ಎರಡು ಮೂರು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಬೋಗುಣಿ ತಿಕ್ಕಿ. ಸೋಪು ಹಾಕಬೇಡಿ.

ಮೂರು ನಾಲ್ಕು ದಿನ ಯಾರೂ ಬರದೆ ಇರಬಹುದು. ಬೇಜಾರಾಗಬೇಡಿ. ಮೊದಲು ಕಾಗೆ ಬರುತ್ತದೆ, ಒಣ ರೊಟ್ಟಿ ತಂದು ನೀರಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿನ್ನುತ್ತದೆ. ಕಾಗೆ ನಂಬಿದ ಜಾಗವನ್ನು ಉಳಿದವೂ ನಂಬುತ್ತವೆ ಅನ್ನುವುದು ನನ್ನ ಹಿತ್ತಲಿನ ಅನುಭವ.

ಕಾಳು ಹಾಕಬೇಕಾ? ನನ್ನನ್ನು ಕೇಳಿದರೆ ಬೇಕಿಲ್ಲ. ಜೋಳ, ಸಜ್ಜೆ, ನುಚ್ಚು ಸುರಿದರೆ ಮೊದಲು ಬರುವುದು ಪಾರಿವಾಳದ ಹಿಂಡು, ಗುಬ್ಬಿಗಳಿಗೆ ಸಂದು ಸಿಗುವುದಿಲ್ಲ. ಹಾಕಲೇಬೇಕು ಎಂದರೆ ಒಂದು ಹಿಡಿ ಸಜ್ಜೆ ಅಥವಾ ನವಣೆ ಸಾಕು. ಉಪ್ಪು ಹಾಕಿದ ಅನ್ನ, ಉಳಿದ ಚುರುಮುರಿ, ಚೂಡಾ ಕೊಡಬೇಡಿ. ಕಾಳಿಗಿಂತ ಗಿಡ ಹಾಕುವುದು ಜಾಣತನ. ದಾಸವಾಳ, ಆಡುಸೋಗೆ, ಕರಿಬೇವು, ಪೇರಲ, ಗಸಗಸೆ ಹಣ್ಣಿನ ಮರ. ಕರಿಬೇವಿನ ಕಪ್ಪು ಹಣ್ಣಿಗೆ ಕೋಗಿಲೆ ಮತ್ತು ಬುಲ್‌ಬುಲ್ ಹೇಗೆ ಬೀಳುತ್ತವೆ ನೋಡಿ!

ಹೆಜ್ಜೆ 2: ಕೂತುಕೊಳ್ಳಿ, ಕಣ್ಣಿಗಿಂತ ಮೊದಲು ಕಿವಿ

ಬೆಳಿಗ್ಗೆ 6ರಿಂದ 8, ಸಂಜೆ 5ರ ನಂತರ. ನಡುಹಗಲು ಹಕ್ಕಿಗಳೂ ನಮ್ಮ ಹಾಗೆ ನೆರಳು ಹಿಡಿದು ಕೂರುತ್ತವೆ. ಬಾಯಿ ತೆರೆದುಕೊಂಡು ಏದುಸಿರು ಬಿಡುವ ಕಾಗೆಯನ್ನು ನೋಡಿರುತ್ತೀರಿ. ಹಕ್ಕಿಗೆ ಬೆವರುವ ಗ್ರಂಥಿಯೇ ಇಲ್ಲ, ಮೈ ತಂಪಾಗಿಸುವುದು ಆ ಏದುಸಿರಿನಿಂದ.

ಒಂದೇ ಕುರ್ಚಿ, ಒಂದೇ ಜಾಗ, ದಿನಾ ಇಪ್ಪತ್ತು ನಿಮಿಷ. ಮೊಬೈಲ್ ಒಳಗೆ ಬಿಟ್ಟು ಬನ್ನಿ. ಮೊದಲ ಐದು ನಿಮಿಷ ಕಣ್ಣು ಮುಚ್ಚಿ ಕೂರುವುದು ಒಳ್ಳೆಯದು. ಎಷ್ಟು ಬೇರೆ ಬೇರೆ ದನಿ ಕೇಳಿದವು, ಬೆರಳು ಮಡಚಿ ಎಣಿಸಿ. ಹೆಸರು ಆಮೇಲೆ.

ಒಂದು ದನಿಯನ್ನು ಮಾತ್ರ ಈ ತಿಂಗಳಲ್ಲಿ ಬಿಡದೆ ಹಿಂಬಾಲಿಸಿ. ತಾಮ್ರದ ಕೊಡ ಬಡಿದಂತೆ, ಒಂದೇ ತಾಳದಲ್ಲಿ ‘ಟುಕ್... ಟುಕ್... ಟುಕ್’. ಬಿಸಿಲು ಏರಿದಷ್ಟೂ ಅದಕ್ಕೆ ಹುಮ್ಮಸ್ಸು. ಇದೇ ಕಂಚುಕುಟಿಗ. ಕೇಳುವುದು ಸುಲಭ, ಕಾಣುವುದು ಕಷ್ಟ, ಯಾಕೆಂದರೆ ಕೂಗುತ್ತಾ ಅದು ತಲೆಯನ್ನು ಆಚೆ ಈಚೆ ತಿರುಗಿಸುತ್ತದೆ. ಹೀಗಾಗಿ ದನಿ ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ಬಂದಂತೆ ಅನಿಸಿ ನೀವು ತಪ್ಪು ಮರ ನೋಡುತ್ತಾ ನಿಲ್ಲುತ್ತೀರಿ. ಮರದ ನೆತ್ತಿಯಲ್ಲಿರುವ ಒಣ ಕೊಂಬೆಯ ತುದಿ ನೋಡಿ. ಗುಬ್ಬಿಗಿಂತ ತುಸು ದಪ್ಪ, ಹಸಿರು ಮೈ, ಮೊಂಡು ಬಾಲ, ಹಣೆಯ ಮೇಲೆ ಕುಂಕುಮ ಹಚ್ಚಿದಂತೆ ಕೆಂಪು, ಗಂಟಲು ಹಳದಿ, ಅದರ ಕೆಳಗೆ ಮತ್ತೊಂದು ಕೆಂಪು ಪಟ್ಟಿ. ಗೂಡು ಒಣಗಿದ, ಮೆತ್ತನೆಯ ಕೊಂಬೆಯಲ್ಲಿ ಕೊರೆದ ಪೊಟರೆ. ನುಗ್ಗೆ ಮರವೆಂದರೆ ಇಷ್ಟ. ಹಿತ್ತಲ ನುಗ್ಗೆಯ ಒಣಕೊಂಬೆ ಮನೆ ಮೇಲೆ ಬೀಳುವಂತಿಲ್ಲದಿದ್ದರೆ ಹಾಗೇ ಬಿಡಿ.

ಹೆಜ್ಜೆ 3: ಅಳತೆಗೆ ನಾಲ್ಕು ಹಕ್ಕಿ

ಗುಬ್ಬಿ, ಗೊರವಂಕ, ಕಾಗೆ, ಹದ್ದು. ಇವು ನಿಮ್ಮ ಅಳತೆಗೋಲು. ಹೊಸದೇನೇ ಕಂಡರೂ ಮೊದಲ ಪ್ರಶ್ನೆ: ಗುಬ್ಬಿಯಷ್ಟಾ, ಗೊರವಂಕದಷ್ಟಾ? ಆಮೇಲೆ ಕೊಕ್ಕು ಹೇಗಿದೆ, ಬಾಲ ಎತ್ತುತ್ತದಾ ಇಳಿಸುತ್ತದಾ, ನೆಲದಲ್ಲಿ ನಡೆಯುತ್ತದಾ ಕುಪ್ಪಳಿಸುತ್ತದಾ. ಬಣ್ಣ ಕೊನೆಗೆ. ಎದುರು ಬೆಳಕಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ.

ನಮ್ಮ ಹಿತ್ತಲುಗಳಲ್ಲಿ ಬೇಗ ಗುರುತು ಹತ್ತುವವು ಇವು. ಏಳೆಂಟು ಜನರ ಗುಂಪಾಗಿ ತರಗೆಲೆ ಕೆದರುತ್ತಾ ಒಂದೇ ಸಮ ಗದ್ದಲ ಮಾಡುವ ಹರಟೆಮಲ್ಲ. ಕಪ್ಪು-ಬಿಳುಪು ಮೈ, ನೆಟ್ಟಗೆ ಎತ್ತಿದ ಬಾಲ, ನಸುಕಿನಲ್ಲಿ ಸೊಗಸಾಗಿ ಸಿಳ್ಳೆ ಹಾಕುವ ಮಡಿವಾಳ ಹಕ್ಕಿ. ಬಾಲದ ಬುಡದಲ್ಲಿ ಕೆಂಪು ಇರುವ ಬುಲ್‌ಬುಲ್, ಇದಕ್ಕೆ ಪಿಕಳಾರ ಅಂತಲೂ ಹೆಸರು. ಕರೆಂಟ್ ತಂತಿಯ ಮೇಲೆ ಕವಲು ಬಾಲದ ಕಾಜಾಣ. ಸಂದಿಯಲ್ಲಿ ನುಸುಳಿ ನಡೆಯುವ, ಕಂದು ರೆಕ್ಕೆ ಕೆಂಪು ಕಣ್ಣಿನ ಕೆಂಬೂತ. ಸಂಜೆ ಹಳೆಯ ಮರದ ಪೊಟರೆಯಿಂದ ಮುಖ ಹೊರಹಾಕಿ ನಿಮ್ಮನ್ನೇ ದುರುಗುಟ್ಟಿ ನೋಡುವ ಹಾಲಕ್ಕಿ.

ಗಂಡು ಹೆಣ್ಣು ಬೇರೆ ಬೇರೆ ಕಾಣುವ ಹಕ್ಕಿಗಳಲ್ಲಿ ಎಚ್ಚರ. ನಾನು ಶುರು ಮಾಡಿದ ವರ್ಷ, ಕಂದು ಮೈ ತುಂಬ ಬಿಳಿ ಚುಕ್ಕೆ, ಕೆಂಪು ಕಣ್ಣು ಇದ್ದ ಹಕ್ಕಿಯೊಂದನ್ನು ಮೂರು ದಿನ ‘ಅಪರೂಪದ್ದು’ ಎಂದು ಬರೆದುಕೊಂಡೆ. ನಾಲ್ಕನೇ ದಿನ ಪಕ್ಕದ ಮನೆಯ ಅಜ್ಜಿ ಹೂ ಬಿಡಿಸುತ್ತಾ ಕೇಳಿದರು: “ಏನ್ ನೋಡಾಕತ್ತೀರಿ ಅಷ್ಟೊತ್ತಿಂದ?” ತೋರಿಸಿದೆ. “ಅಯ್ಯ, ಅದು ಹೆಣ್ಣು ಕೋಗಿಲಿ ಅಲ್ಲೇನು! ಕಾಗಿ ಗೂಡು ಹುಡುಕಾಕತ್ತೈತಿ.” ಕರ್ರಗಿನ ಗಂಡು ಕೋಗಿಲೆ ಹಾಡುತ್ತಿರುತ್ತದೆ, ಚುಕ್ಕೆಯ ಹೆಣ್ಣು ಸದ್ದಿಲ್ಲದೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಕಾಗೆ ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವುದು ಕಂಡರೆ ಹತ್ತಿರದಲ್ಲೇ ಕಾಗೆಯ ಗೂಡಿದೆ ಎಂದುಕೊಳ್ಳಿ.

ಹೆಜ್ಜೆ 4: ಬರೆದಿಡಿ

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ದಿನ, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು. ನನ್ನದರಲ್ಲಿ ಹೀಗಿದೆ: ‘ಮಾರ್ಚ್ 28, ಬೆಳಿಗ್ಗೆ 6.40. ಹಿತ್ತಲು. ಸೂರಕ್ಕಿ ಹೆಣ್ಣು 1. ಬಾಗಿಲ ಮೂಲೆಯ ಜೇಡರ ಬಲೆ ಕಿತ್ತುಕೊಂಡು ಹೋಯಿತು, ಐದು ಸಲ.’ ಆ ದಿನ ಯಾಕೆ ಅಂತ ಗೊತ್ತಾಗಲಿಲ್ಲ. ಒಂದು ವಾರಕ್ಕೆ ಮಲ್ಲಿಗೆ ಬಳ್ಳಿಯಲ್ಲಿ ಸಣ್ಣ ಚೀಲದಂಥ ಗೂಡು ತೂಗಾಡುತ್ತಿತ್ತು.

ಹೆಜ್ಜೆ 5: ಗೂಡು ಕಂಡರೆ

ಈ ಭಾಗ ಸ್ವಲ್ಪ ನಿಧಾನಕ್ಕೆ ಓದಿ. ಬೇಸಿಗೆಯಲ್ಲಿ ಹಕ್ಕಿ ನೋಡುವವರು ಗೊತ್ತಿಲ್ಲದೆ ಮಾಡುವ ತಪ್ಪುಗಳೆಲ್ಲ ಇಲ್ಲೇ.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಒಂದು ವರ್ಷ ಯುಗಾದಿಗೆ ಹಿತ್ತಲು ಚೆಂದ ಕಾಣಲಿ ಎಂದು ಕಾಗದದ ಹೂವಿನ ಬಳ್ಳಿ ಕತ್ತರಿಸುತ್ತಾ ಹೋದೆ. ನಡುವೆ ಬಟ್ಟಲಿನಂಥ ಬುಲ್‌ಬುಲ್ ಗೂಡು, ಒಳಗೆ ಕೆಂಪು ಚುಕ್ಕೆಯ ಎರಡು ಮೊಟ್ಟೆ. ಮರೆಗಿದ್ದ ಎಲೆಯೆಲ್ಲ ಆಗಲೇ ನೆಲದ ಮೇಲೆ. ಕತ್ತರಿಸಿದ ಕೊಂಬೆಗಳನ್ನು ಅಡ್ಡ ಕಟ್ಟಿ ನೋಡಿದೆ, ನಡೆಯಲಿಲ್ಲ. ಮಾರನೇ ದಿನ ಮಧ್ಯಾಹ್ನದೊಳಗೆ ಕಾಗೆ ಮೊಟ್ಟೆ ಎತ್ತಿಕೊಂಡು ಹೋಯಿತು. ಬುಲ್‌ಬುಲ್‌ ಮೊಟ್ಟೆಯಿಟ್ಟು ಮರಿ ಹಾರಲು ಹೆಚ್ಚೂಕಡಿಮೆ ಒಂದು ತಿಂಗಳು ಸಾಕು. ಅಷ್ಟು ತಡೆಯಬಹುದಿತ್ತು. ಈಗ ನಮ್ಮ ಮನೆಯಲ್ಲಿ ಗಿಡ ಕತ್ತರಿಸುವುದು ಚಳಿಗಾಲ ಮುಗಿಯುವುದರೊಳಗೆ, ಇಲ್ಲವಾದರೆ ಮಳೆಗಾಲ ಕಳೆದ ಮೇಲೆ.

ಸಿಂಪಿಗ ಹಕ್ಕಿಯ ಗೂಡು ಹುಡುಕಬೇಕೆಂದರೆ ಅಗಲ ಎಲೆಯ ಗಿಡ ನೋಡಿ: ಬಾದಾಮಿ, ದಾಸವಾಳ, ಬದನೆ. ಒಂದು ಎಲೆಯನ್ನು ಸುತ್ತಿಯೋ ಎರಡನ್ನು ಜೋಡಿಸಿಯೋ ಅಂಚಿನಲ್ಲಿ ಕೊಕ್ಕಿನಿಂದ ತೂತು ಹಾಕುತ್ತದೆ. ಆ ತೂತಿನಲ್ಲಿ ಹತ್ತಿಯ ಎಳೆ, ಜೇಡರ ನೂಲು ತೂರಿಸುತ್ತದೆ. ಗಂಟು ಹಾಕುವುದಿಲ್ಲ. ಆಚೆ ಬದಿಗೆ ಬಂದ ಎಳೆ ಅರಳಿಕೊಂಡು ತಾನೇ ಗುಂಡಿಯ ಹಾಗೆ ನಿಲ್ಲುತ್ತದೆ. ಇದನ್ನು ದೂರದಿಂದಲೇ ನೋಡಿ. ಎಲೆ ತಿರುಗಿಸಿ ನೋಡುವ ಆಸೆ ಬರುತ್ತದೆ, ಕೈ ಕಟ್ಟಿಕೊಳ್ಳಿ.

ದೂರ ಎಷ್ಟು ಅಂದರೆ, ಹಕ್ಕಿ ಬಾಯಲ್ಲಿ ಹುಳ ಹಿಡಿದು ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲೇ ಚಡಪಡಿಸುತ್ತಿದ್ದರೆ ನೀವು ತೀರ ಹತ್ತಿರ ಇದ್ದೀರಿ ಎಂದರ್ಥ. ಹಿಂದೆ ಸರಿಯಿರಿ. ಗೂಡಿನ ಫೋಟೋ, ಗೂಡಿರುವ ಜಾಗ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಮರಿ ನೆಲಕ್ಕೆ ಬಿದ್ದಿದ್ದರೆ? ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಅಲ್ಲೇ ಎಲ್ಲೋ ಇರುತ್ತವೆ. ಬೆಕ್ಕು ನಾಯಿ ಬರದಂತೆ ನೋಡಿಕೊಂಡರೆ ಸಾಕು. ಬೋಳು ಮೈಯ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಮುಟ್ಟುವುದಿಲ್ಲ ಅನ್ನುವುದು ಸುಳ್ಳು. ಹಾಲು ಮಾತ್ರ ಹಾಕಬೇಡಿ. ‘ಸಾಕೋಣ’ ಎಂದು ಗಿಳಿಮರಿ ತರುವವರೂ ಇದ್ದಾರೆ. ನಮ್ಮ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಇನ್ನೊಂದು ಬೇಸಿಗೆಯ ತಮಾಷೆ. ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಕನ್ನಡಿಗೆ ಹಕ್ಕಿಯೊಂದು ದಿನಾ ಬಂದು ಕುಟ್ಟುತ್ತಿದ್ದರೆ, ಅದು ಕನ್ನಡಿಯೊಳಗಿನ ‘ವೈರಿ’ಯ ಜೊತೆ ಜಗಳಕ್ಕೆ ನಿಂತಿದೆ. ನೋಡಲು ಮಜಾ, ಆದರೆ ಪಾಪ, ಅದು ತಿನ್ನುವುದು ಬಿಟ್ಟು ಸುಸ್ತಾಗುತ್ತದೆ. ಕನ್ನಡಿಗೆ ಹಳೆ ಕಾಲುಚೀಲ ಹಾಕಿ.

ಹೆಜ್ಜೆ 6: ದುರ್ಬೀನು

ಹಿತ್ತಲಲ್ಲಿ ಇಪ್ಪತ್ತು ಹಕ್ಕಿಯ ಗುರುತು ಹತ್ತುವವರೆಗೆ ಕೊಳ್ಳಬೇಡಿ. ಕೊಳ್ಳುವಾಗ 8x42 ಎಂದು ಬರೆದಿರುವ ಬೈನಾಕ್ಯುಲರ್ ಕೇಳಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದು ಅದರ ಅರ್ಥ. ಹತ್ತು ಪಟ್ಟಿನದು ಇನ್ನೂ ಚೆನ್ನಾಗಿರುತ್ತದೆ ಅನಿಸಬಹುದು. ಆದರೆ ಕೈ ನಡುಗಿದರೆ ಚಿತ್ರವೂ ಅಷ್ಟೇ ನಡುಗುತ್ತದೆ.

ಸರಿಮಾಡಿಕೊಳ್ಳುವುದನ್ನು ಮನೆಯಲ್ಲೇ ಕಲಿಯಿರಿ. ಎದುರಿನ ಅಂಗಡಿಯ ಬೋರ್ಡ್ ನೋಡಿ. ಎರಡು ಕೊಳವೆಗಳನ್ನು ಮಡಚಿ ಬಿಚ್ಚಿ ಒಂದೇ ದುಂಡು ಕಾಣುವ ಹಾಗೆ ಮಾಡಿ. ಕನ್ನಡಕ ಇದ್ದವರು ಕಣ್ಣಿನ ಕಡೆಯ ರಬ್ಬರನ್ನು ಒಳಗೆ ತಿರುಗಿಸಬೇಕು. ಈಗ ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಹತ್ತಿರದ ಉಂಗುರ ತಿರುಗಿಸಿ. ಆ ಉಂಗುರವನ್ನು ಮತ್ತೆ ಮುಟ್ಟಬೇಡಿ. ಇನ್ನು ಮುಂದೆ ನಡುವಿನ ಚಕ್ರ ಮಾತ್ರ.

ಹಕ್ಕಿ ಕಂಡರೆ ಅದರ ಮೇಲಿಟ್ಟ ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಮೊದಲು ದುರ್ಬೀನು ಹಿಡಿದು ಆಮೇಲೆ ಹಕ್ಕಿ ಹುಡುಕಿದರೆ ಎಲೆಗಳೇ ಸಿಗುತ್ತವೆ. ಸೂರ್ಯನ ಕಡೆ ತಪ್ಪಿಯೂ ತಿರುಗಿಸಬಾರದು, ಕಣ್ಣು ಹೋಗುತ್ತದೆ.

ಮೊಬೈಲಿನಲ್ಲಿ ‘ಮರ್ಲಿನ್’ ಎಂಬ ಉಚಿತ ಆ್ಯಪ್ ಇದೆ, ದನಿ ಕೇಳಿಸಿಕೊಂಡು ಹೆಸರು ಹೇಳುತ್ತದೆ. ನಾನೂ ಬಳಸುತ್ತೇನೆ. ಅದು ಹೇಳಿದ್ದನ್ನು ಸುಳಿವು ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಕಣ್ಣಾರೆ ಕಂಡ ಮೇಲೆಯೇ ನೋಟ್‌ಬುಕ್ಕಿಗೆ. ಲೆಕ್ಕ ಹಂಚಿಕೊಳ್ಳುವ ಆಸೆಯಿದ್ದರೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ‘ಇ-ಬರ್ಡ್’ ಜಾಲತಾಣದಲ್ಲಿ ಹಾಕಿ. ಮೇ ತಿಂಗಳಲ್ಲಿ ಒಂದು ಶನಿವಾರ ಲೋಕದ ಎಲ್ಲ ಕಡೆಯವರು ಅಂದು ಕಂಡ ಹಕ್ಕಿಗಳನ್ನು ಅದರಲ್ಲಿ ದಾಖಲಿಸುತ್ತಾರೆ.

ಹೆಜ್ಜೆ 7: ಹೊರಗೆ ಹೊರಡಿ

ಮೊದಲು ಕೆರೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ. ‘ಚಿಗರಿ’ ಬಸ್ಸಿನಲ್ಲಿ ಹೋಗಿ ಇಳಿಯಬಹುದು, ಬಸ್ಸಿಗೇ ಚಿಗರಿ, ಅಂದರೆ ಜಿಂಕೆ, ಎಂದು ಹೆಸರಿಟ್ಟ ಊರು ನಮ್ಮದು! ಧಾರವಾಡದವರಿಗೆ ಸಾಧನಕೇರಿ, ಕೆಲಗೇರಿ. ಬೆಳಿಗ್ಗೆ ಸೂರ್ಯ ಬೆನ್ನಿಗಿರಲಿ, ಅಂದರೆ ಕೆರೆಯ ಪೂರ್ವದ ದಂಡೆಯಲ್ಲಿ ನಿಲ್ಲಿ. ಎದುರಿಗೆ ಇದ್ದರೆ ಎಲ್ಲವೂ ಕಪ್ಪು ಬೊಂಬೆ.

ಹಣೆಗೆ ಬಿಳಿ ನಾಮ ಇಟ್ಟುಕೊಂಡ ನಾಮದ ಕೋಳಿ, ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ಜೊಂಡಿನಲ್ಲಿ ನೇರಳೆ ಜಂಬುಕೋಳಿ, ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ, ರೆಕ್ಕೆ ಹರವಿ ಒಣಗಿಸುವ ನೀರುಕಾಗೆ. ಬೇಸಿಗೆಯಲ್ಲಿ ವಿಶೇಷವಾಗಿ ನೋಡಬೇಕಾದ್ದು ಇವು ತೊಡುವ ಹೊಸ ಬಟ್ಟೆ. ದನದ ಹಿಂದೆ ಓಡಾಡುವ ಬೆಳ್ಳಕ್ಕಿಯ ತಲೆ ಕುತ್ತಿಗೆಗೆ ಕಿತ್ತಳೆ ಬಣ್ಣ ಏರುತ್ತದೆ. ಮಣ್ಣಿನ ಬಣ್ಣದ ಕೊಳದ ಬಕದ ಬೆನ್ನು ಕಡುಗೆಂಪಾಗುತ್ತದೆ. ಅದೇ ಹಕ್ಕಿ ಅಂತ ನಂಬುವುದೇ ಕಷ್ಟ.

ಮರದ ಹಕ್ಕಿಗಳಿಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ಆಲ, ಅತ್ತಿ, ಬಸರಿಯಲ್ಲಿ ಹಣ್ಣು ಬಿಟ್ಟಿದ್ದರೆ ಒಂದೇ ಮರದ ಕೆಳಗೆ ಒಂದು ಗಂಟೆ ಕೂರಿ. ಹೊನ್ನಿನ ಬಣ್ಣದ ಅರಿಶಿನಬುರುಡೆ ಸಿಗಬಹುದು, ಬೂದು ಮಂಗಟ್ಟೆಯೂ ಸಿಗಬಹುದು. ಮಂಗಟ್ಟೆಯ ಹೆಣ್ಣು ಈ ದಿನಗಳಲ್ಲಿ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಂಡಿರುತ್ತದೆ. ಬಿಟ್ಟ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಕೊಡುತ್ತದೆ. ಒಂಟಿ ಮಂಗಟ್ಟೆ ಒಂದೇ ಮರಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.

ಆಮೇಲೆ ಎರೆ ಬಯಲು. ಜೋಳ, ಕಡಲೆ ಕೊಯ್ದ ಹೊಲಗಳು ಖಾಲಿ ಬಿದ್ದಿರುತ್ತವೆ. ತಂತಿಯ ಮೇಲೆ ನೀಲಕಂಠ, ಜಾಲಿಯ ತುದಿಯಲ್ಲಿ ಕಳಿಂಗ ಹಕ್ಕಿ, ಹೆಂಟೆಗಳ ನಡುವೆ ನೆಲಗುಬ್ಬಿ. ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡು ಊರಿಗೆ ಮರಳುವ ಮುಂಚೆ ಮುತ್ತಲ ಹೂವಿಗೆ ಮುತ್ತುವುದನ್ನು ಮಾರ್ಚಿನಲ್ಲಿ ನೋಡಿಬಿಡಿ, ಏಪ್ರಿಲ್ ಕೊನೆಗೆ ಅವಿಲ್ಲ.

ಹೊಲಕ್ಕೆ ಕಾಲಿಡುವ ಮುಂಚೆ ಕೇಳಬೇಕು. ಒಮ್ಮೆ ಅಣ್ಣಿಗೇರಿ ಹಾದಿಯಲ್ಲಿ ದುರ್ಬೀನು ಹಿಡಿದು ಬದುವಿನ ಮೇಲೆ ನಿಂತಿದ್ದೆವು. ಹೊಲದ ಯಜಮಾನರು ದಾಪುಗಾಲು ಹಾಕಿ ಬಂದರು.

“ಏನ್ರೀ ಸರ, ಅಳತಿ ಮಾಡಾಕ ಬಂದೀರೇನು? ಮತ್ತ ರೋಡ್ ಬರತೈತೇನು ಇಲ್ಲಿ?”

“ಇಲ್ಲ ಕಾಕಾ, ಹಕ್ಕಿ ನೋಡಾಕ ಬಂದೀವ್ರಿ.”

ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ, “ಹಂಗಾರ ಅಲ್ಲಿ ಕಾಲ್ ಇಡಬ್ಯಾಡ್ರಿ, ತತ್ತಿ ಅದಾವ” ಎಂದರು.

ಅವರು ಬೆರಳು ಮಾಡಿದ ಕಡೆ ನೋಡಿದರೆ ಬರೀ ಹೆಂಟೆ. ದುರ್ಬೀನಿನಲ್ಲಿ ಎರಡು ನಿಮಿಷ ಹುಡುಕಿದ ಮೇಲೆ ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ ಕಂಡವು. ಗೂಡಿಲ್ಲ, ಬರೀ ನೆಲದ ಮೇಲೆ. ಕೆಂಪು ಟಿಟ್ಟಿಭದವು. ಹಕ್ಕಿ ಎಲ್ಲಿಂದಲೋ ಹಾರಿ ಬಂತು, ಹೊಟ್ಟೆಯ ಪುಕ್ಕ ಒದ್ದೆ. ನೀರಲ್ಲಿ ಹೊಟ್ಟೆ ಅದ್ದಿಕೊಂಡು ಬಂದು ಮೊಟ್ಟೆಯ ಮೇಲೆ ಕೂತು ತಂಪು ಮಾಡುತ್ತದೆ. ಬಯಲಲ್ಲಿ ಟಿಟ್ಟಿಭ ನಿಮ್ಮ ತಲೆಯ ಮೇಲೆ ಸುತ್ತುತ್ತಾ ಒದರಿದರೆ ಕಾಲ ಕೆಳಗೆ ನೋಡಿ, ಬಂದ ದಾರಿಯಲ್ಲೇ ವಾಪಸಾಗಿ.

ದೂರದ ಜಾಗಗಳ ಬಗ್ಗೆ ಎರಡೇ ಮಾತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ಪಟ್ಟಿ, ಸೇರಿತು, ಹೆಸರು ಕೇಳಿ ಏಪ್ರಿಲ್‌ನಲ್ಲಿ ಓಡುವವರಿದ್ದಾರೆ. ಅಲ್ಲಿನ ಪಟ್ಟೆತಲೆ ಹೆಬ್ಬಾತುಗಳು ಅಷ್ಟರಲ್ಲಿ ಹಿಮಾಲಯ ದಾಟಿ ಹೋಗಿರುತ್ತವೆ. ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಬೇಸಿಗೆಗೆ ಹಾವೇರಿ ಜಿಲ್ಲೆಯ ಬಂಕಾಪುರ ವಾಸಿ. ಹಳೆಯ ಕೋಟೆಯೊಳಗೆ ನವಿಲುಧಾಮ ಇದೆ, ಮಳೆಗೆ ಮುಂಚೆ ಗಂಡು ನವಿಲಿನ ಗರಿ ಪೂರ್ತಿ ಬೆಳೆದಿರುತ್ತದೆ.

ಜೊತೆಗೆ ಟೊಪ್ಪಿಗೆ, ಎರಡು ಲೀಟರ್ ನೀರು, ಮಣ್ಣು-ಹಸಿರು ಬಣ್ಣದ ಬಟ್ಟೆ. ನಾಲ್ಕು ಜನಕ್ಕಿಂತ ಜಾಸ್ತಿ ಬೇಡ. ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ದನಿ ಹಾಕುವುದು ಬೇಡವೇ ಬೇಡ, ಗೂಡಿನ ಕಾಲದಲ್ಲಿ ಅದು ವೈರಿ ಬಂದನೆಂದು ಮರಿ ಬಿಟ್ಟು ಹುಡುಕಾಡುತ್ತದೆ. ಪ್ಲಾಸ್ಟಿಕ್ ಚೀಲದ ತಿಂಡಿಯೂ ಬೇಡ, ಅದರ ಪರಪರ ಸದ್ದಿಗೆ ಅರ್ಧ ಕೆರೆ ಖಾಲಿಯಾಗುತ್ತದೆ. 9 ಗಂಟೆಗೆ ಬಿಸಿಲು ಚುರುಗುಟ್ಟಿದ ಮೇಲೆ ಊರಿಗೆ ಬಂದು ಗಿರ್ಮಿಟ್ ತಿನ್ನಿ.

ಮೇ ಕೊನೆಗೆ ಮೋಡ ಕಟ್ಟುತ್ತದೆ. ಗಂಡು ಗೀಜಗದ ತಲೆ ಹಳದಿಯಾಗಿ, ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ನೇಯ್ಗೆ ಶುರುವಾಗುತ್ತದೆ. ತಲೆಯಲ್ಲಿ ಜುಟ್ಟಿನ, ಕಪ್ಪು-ಬಿಳುಪಿನ ಚಾತಕ ಬಂದಿತಾ ಅಂತ ಕಿವಿಗೊಡಿ. ಮಳೆ ಹಿಡಿದ ಮೇಲೆ ಹಿತ್ತಲ ಬೋಗುಣಿಯನ್ನು ತೊಳೆದು ಬೋರಲು ಹಾಕಿಡಿ, ಸೊಳ್ಳೆ ಆಗಬಾರದಲ್ಲ.